ಫೈಬ್ರಾಯ್ಡ್ ಸೆಲ್‌ಗಳನ್ನು ಮ್ಯುಟೇಶನ್ ಸಮೇತ ಉಳಿಸಿಕೊಂಡದ್ದು: ನನ್ನ ಅನುಭವ

ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಮೆಡ್12 ಎಂಬ ಜೀನ್‌ನಲ್ಲಿ ಮ್ಯುಟೇಶನ್ (ಬದಲಾವಣೆ) ಇರುವ ಫೈಬ್ರಾಯ್ಡ್ ಸೆಲ್‌ಗಳನ್ನು ಮೂರು ವಾರ ದಾಟಿಸಿ ಬದುಕಿಸಿಕೊಳ್ಳುವುದು ನಮ್ಮ ಲ್ಯಾಬ್‌ನಲ್ಲಿ ಈಗ ರೂಢಿಯಾಗಿದೆ. ಸಣ್ಣ ಊರಿನ ಮೆಡಿಕಲ್ ಕಾಲೇಜಿನ ಲ್ಯಾಬ್ ಇದು. ಒಂದು ಹುಡ್, ಒಂದು ಇನ್‌ಕ್ಯುಬೇಟರ್. ಇಂಥಲ್ಲಿ ಇದಾಗಲ್ಲ ಅಂದವರು ಬಹಳ ಜನ. ಸುಮ್ನೆ ರೆಡಿ ಇರುವ ಸೆಲ್ ಲೈನ್ (ಲ್ಯಾಬ್‌ನಲ್ಲಿ ಬೆಳೆಯುತ್ತಲೇ ಇರುವ ಸೆಲ್‌ಗಳು) ತರಿಸಿ ಪೇಪರ್ ಮುಗಿಸಿ ಅಂತ ಹಿರಿಯರೊಬ್ಬರು ಹೇಳಿದರು. ಗ್ರಾಂಟ್ ಕಮಿಟಿಯಲ್ಲೂ ಅದೇ ಮಾತು ಬಂತು. ಅದಕ್ಕೇ ಬರೆಯುತ್ತಿದ್ದೇನೆ.

2011ರಲ್ಲಿ ಹೆಲ್ಸಿಂಕಿಯ ತಂಡ ಸುಮಾರು 70% ಫೈಬ್ರಾಯ್ಡ್‌ಗಳಲ್ಲಿ ಮೆಡ್12 ಜೀನ್‌ನ ಎರಡನೇ ಎಕ್ಸಾನ್‌ನಲ್ಲಿ (ಜೀನ್‌ನ ಒಂದು ತುಂಡು) ಬದಲಾವಣೆ ಇದೆ ಅಂತ ತೋರಿಸಿದ್ದು ನಿಮಗೆಲ್ಲ ಗೊತ್ತು. ಅದರ ಬೆನ್ನಲ್ಲೇ ಗೊತ್ತಾದ ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ತುಂಬಾ ಜನ ಗಂಭೀರವಾಗಿ ತೆಗೆದುಕೊಂಡಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಫ್ಲಾಸ್ಕ್‌ನಲ್ಲಿ ಬೆಳೆಸಿದರೆ ಈ ಸೆಲ್‌ಗಳು ಕೆಲವೇ ಪ್ಯಾಸೇಜ್‌ನಲ್ಲಿ (ಸೆಲ್ ತುಂಬಿದಾಗ ಹೊಸ ಫ್ಲಾಸ್ಕ್‌ಗೆ ಹಂಚುವುದು) ಕಾಣೆಯಾಗುತ್ತವೆ. ಉಳಿಯುವುದು ಮ್ಯುಟೇಶನ್ ಇಲ್ಲದ ಫೈಬ್ರೊಬ್ಲಾಸ್ಟ್‌ಗಳು, ಅಂದರೆ ನಾರು ಹೆಣೆಯುವ ಸೆಲ್‌ಗಳು. ಫ್ಲಾಸ್ಕ್ ತುಂಬಿರುತ್ತದೆ, ಸೆಲ್‌ಗಳು ಉದ್ದಕ್ಕೆ ಚೆಂದ ಕಾಣುತ್ತವೆ, ಸ್ನಾಯು ಸೆಲ್ ಗುರುತಿಸುವ ಆಕ್ಟಿನ್ ಸ್ಟೇನ್ ಕೂಡ ಒಂದಷ್ಟು ಬರುತ್ತದೆ. ಆದರೆ ಗಡ್ಡೆಗೆ ಕಾರಣವಾದ ಸೆಲ್ ಅಲ್ಲಿ ಇರುವುದೇ ಇಲ್ಲ. ಅದರ ಮೇಲೆ ಔಷಧ ಹಾಕಿ ಏನು ಹೇಳುತ್ತೀರಿ?

ಹಾಗಾಗಿ ನನ್ನ ಮೊದಲ ಮಾತು: ದುಡ್ಡು ಇಲ್ಲದಿದ್ದರೂ ಸೀಕ್ವೆನ್ಸಿಂಗ್‌ಗೆ (ಜೀನ್‌ನ ಅಕ್ಷರ ಓದಿಸುವುದಕ್ಕೆ) ಮಾತ್ರ ಕೈ ಬಿಗಿ ಹಿಡಿಯಬೇಡಿ. ಎರಡನೇ ಎಕ್ಸಾನ್‌ನ ಪಿಸಿಆರ್ (ಆ ತುಂಡಿನ ಪ್ರತಿ ಹೆಚ್ಚಿಸುವುದು) ನಮ್ಮಲ್ಲೇ ಮಾಡಿ ಬೆಂಗಳೂರಿಗೆ ಕೊರಿಯರ್ ಹಾಕುತ್ತೇವೆ. ಒಂದು ಸ್ಯಾಂಪಲ್‌ಗೆ 300-400 ರೂಪಾಯಿ. ಹೆಚ್ಚಿನ ಬದಲಾವಣೆಗಳು 44ನೇ ಕೋಡಾನ್‌ನಲ್ಲೇ (ಮೂರು ಅಕ್ಷರದ ಒಂದು ಗುಂಪು) ಇರುವುದರಿಂದ ಸೀಕ್ವೆನ್ಸಿಂಗ್ ಗ್ರಾಫ್‌ನ ಪೀಕ್ ಓದುವುದು ಕಷ್ಟವಲ್ಲ. ಆದರೆ ಪೀಕ್‌ನ ಎತ್ತರ ನೋಡಿ ಗಾಬರಿಯಾಗಬೇಡಿ. ಮೆಡ್12 ಎಕ್ಸ್ ಕ್ರೋಮೋಸೋಮ್ ಮೇಲಿದೆ, ಎರಡು ಪ್ರತಿಯಲ್ಲಿ ಒಂದು ಮಾತ್ರ ಕೆಟ್ಟಿರುತ್ತದೆ. ಮ್ಯುಟೇಶನ್ ಇರುವುದು ಸ್ನಾಯು ಸೆಲ್‌ಗಳಲ್ಲಿ. ಈ ಬಗೆಯ ಗಡ್ಡೆಯಲ್ಲಿ ಹತ್ತಿರಹತ್ತಿರ ಅರ್ಧ ಫೈಬ್ರೊಬ್ಲಾಸ್ಟ್‌ಗಳೇ ಇರುತ್ತವೆ. ಅಂದರೆ ತಾಜಾ ತುಣುಕಿನ ಡಿಎನ್‌ಎಯಲ್ಲೇ ಅದು ಕಾಲು ಭಾಗ ಬಂದರೆ ಹೆಚ್ಚು. ಸುಮಾರು 15-20% ಕೆಳಗೆ ಇಳಿದರೆ ಸ್ಯಾಂಗರ್ ವಿಧಾನದ ಸೀಕ್ವೆನ್ಸಿಂಗ್‌ನಲ್ಲಿ ಕಾಣುವುದೂ ಅನುಮಾನ. ನಾವು ಆರ್‌ಎನ್‌ಎಯಿಂದ ಓದುತ್ತೇವೆ. ಮ್ಯುಟೇಶನ್ ಇರುವ ಸೆಲ್‌ನಲ್ಲಿ ಕೆಲಸ ಮಾಡುವುದು ಆ ಕೆಟ್ಟ ಪ್ರತಿಯೇ ಆದ್ದರಿಂದ ಪೀಕ್ ಎದ್ದು ಕಾಣುತ್ತದೆ.

ಇನ್ನು ತುಣುಕಿನ ಕಥೆ. ಶುರುವಿನಲ್ಲಿ ಓಟಿಯಿಂದ ಬಂದ ಡಬ್ಬಿಗಳಲ್ಲಿ ಕೆಲವು ಫಾರ್ಮಲಿನ್‌ನಲ್ಲೇ ಮುಳುಗಿ ಬಂದವು, ಅದರಲ್ಲಿ ಸೆಲ್ ಬದುಕುವುದಿಲ್ಲ. ಸಿಸ್ಟರ್‌ಗಳಿಗೆ ಅದು ವರ್ಷಗಟ್ಟಲೆ ಅಭ್ಯಾಸ. ಚೀಟಿ ಅಂಟಿಸಿದರೂ ಪ್ರಯೋಜನ ಆಗಲಿಲ್ಲ. ನಮ್ಮ ಪಿಎಚ್‌ಡಿ ಹುಡುಗಿ ಆಪರೇಷನ್ ದಿನ ಬೆಳಿಗ್ಗೆಯೇ ಹೋಗಿ ತಣ್ಣಗಿನ ಮೀಡಿಯಾದ (ಸೆಲ್ ಬೆಳೆಸುವ ದ್ರವ) ಟ್ಯೂಬ್ ಕೈಯಲ್ಲಿ ಹಿಡಿದು ನಿಲ್ಲತೊಡಗಿದ ಮೇಲೆ ಇದು ನಿಂತಿತು. ಮೊದಲು ಪೆಥಾಲಜಿಯವರು ತಮ್ಮ ತುಣುಕು ತೆಗೆದುಕೊಳ್ಳಬೇಕು, ಸಾರ್ಕೋಮಾ (ಕ್ಯಾನ್ಸರ್) ಅಲ್ಲ ಅಂತ ಖಚಿತವಾಗಬೇಕು. ಅದರಲ್ಲಿ ಅವಸರ ಬೇಡ. ಕಾಟರಿಯಿಂದ ಸುಟ್ಟ ಅಂಚನ್ನು ಬಿಡಿ, ನಡುವಿನ ಕೊಳೆತ ಜಾಗವನ್ನೂ ಬಿಡಿ. ಗಡ್ಡೆ ಕುಗ್ಗಿಸುವ ಲ್ಯೂಪ್ರೊಲೈಡ್ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಂಡವರ ಗಡ್ಡೆಯಾದರೆ ಬೇರೆಯಾಗಿ ಬರೆದಿಡಿ. ಅಂಥ ಗಡ್ಡೆಯಿಂದ ಸೆಲ್ ಸಿಗುವುದೇ ಕಡಿಮೆ.

ಒಪ್ಪಿಗೆ ಪತ್ರ ನಾವೇ ಕನ್ನಡದಲ್ಲಿ ಓದಿ ಹೇಳುತ್ತೇವೆ. ಒಬ್ಬ ತಾಯಿ ಕೇಳಿದರು, "ನನ್ನ ಗಡ್ಡೆಯಿಂದ ನನ್ನ ಮಗಳಿಗೆ ಏನಾದರೂ ಉಪಯೋಗ ಆಗ್ತದಾ?" ಆಗಬೇಕು ಅಂತಲೇ ಮಾಡುತ್ತಿದ್ದೇವಮ್ಮಾ ಅಂದೆ. ಆಕೆಗೆ 40 ದಾಟಿರಲಿಲ್ಲ. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 6ರ ಹತ್ತಿರ ಇಳಿದಿತ್ತು. ಗರ್ಭಕೋಶ ತೆಗೆಸುವುದು ಬಿಟ್ಟು ಬೇರೆ ದಾರಿ ಅವರ ಮುಂದೆ ಯಾರೂ ಇಟ್ಟಿರಲಿಲ್ಲ.

ದುಡ್ಡು ಎಲ್ಲಿ ಹೋಯಿತು ಅಂದರೆ ಕಾಲಜಿನೇಸ್‌ನಲ್ಲಿ (ಕಾಲಜನ್ ನಾರು ಕರಗಿಸುವ ಎಂಜೈಮ್) ಮತ್ತು ಸೀರಂನಲ್ಲಿ (ಸೆಲ್‌ಗೆ ಪೋಷಣೆ ಕೊಡುವ ರಕ್ತದ ದ್ರವ). ಫೈಬ್ರಾಯ್ಡ್ ರಬ್ಬರಿನಷ್ಟು ಗಟ್ಟಿ. ರಾತ್ರಿಯಿಡೀ ಕಾಲಜಿನೇಸ್‌ನಲ್ಲಿ ಇಟ್ಟು, ಒಂದೊಂದೇ ಸೆಲ್ ಆಗಿ ಬಿಡಿಸಿದರೆ ಬೆಳಿಗ್ಗೆ ಅರ್ಧಕ್ಕರ್ಧ ಸತ್ತಿರುತ್ತವೆ. ಒಂದು ಲಾಟ್‌ನಲ್ಲಿ ನಾಲ್ಕು ಗಂಟೆ ಸಾಕಾದರೆ ಮುಂದಿನ ಲಾಟ್‌ನಲ್ಲಿ ಹತ್ತು ಗಂಟೆ. ಹೀಗೆಯೇ 60-70 ಸಾವಿರ ಹೋಯಿತು. ಈಗ ಸ್ಯಾಂಪಲ್ ಲಾಟ್ ಕೇಳಿ, ಪರೀಕ್ಷೆ ಮಾಡಿ, ಸರಿಬಂದ ಲಾಟನ್ನೇ ವರ್ಷಕ್ಕಾಗುವಷ್ಟು ತರಿಸುತ್ತೇವೆ. ಹಾರ್ಮೋನ್ ತೆಗೆದ ಸೀರಂ ರೆಡಿ ಕೊಳ್ಳುವುದು ನಮ್ಮಿಂದ ಆಗುವ ಮಾತಲ್ಲ. ಸಾಮಾನ್ಯ ಸೀರಂಗೆ ಡೆಕ್ಸ್‌ಟ್ರಾನ್ ಲೇಪಿಸಿದ ಚಾರ್‌ಕೋಲ್ ಹಾಕಿ ಫ್ರಿಜ್‌ನಲ್ಲಿ ರಾತ್ರಿ ತಿರುಗಿಸಿ ನಾವೇ ಮಾಡಿಕೊಳ್ಳುತ್ತೇವೆ. ಮೀಡಿಯಾದಲ್ಲಿ ಫೀನಾಲ್ ರೆಡ್ ಎಂಬ ಕೆಂಪು ಬಣ್ಣ ಇರಬಾರದು, ಅದು ಈಸ್ಟ್ರೋಜನ್‌ನಂತೆ ಕೆಲಸ ಮಾಡುತ್ತದೆ. ಇದನ್ನು ಎಲ್ಲರೂ ಓದಿರುತ್ತಾರೆ. ಆದರೂ ಎಷ್ಟೋ ಲ್ಯಾಬ್‌ನ ಫ್ರಿಜ್ ತೆಗೆದರೆ ಕೆಂಪು ಬಾಟಲಿಯೇ ಕಾಣುತ್ತದೆ.

ಫೈಬ್ರೊಬ್ಲಾಸ್ಟ್ ಬೇಗ ಅಂಟಿಕೊಳ್ಳುತ್ತವೆ ಅಲ್ವಾ, ಅವನ್ನು ಪ್ಲೇಟ್‌ಗೆ ಅಂಟಿಸಿ, ಮೇಲೆ ತೇಲುವ ಸ್ನಾಯು ಸೆಲ್‌ಗಳನ್ನು ಬೇರೆ ಮಾಡಿ ಬೆಳೆಸುವುದು ಎಲ್ಲರೂ ಹೇಳುವ ಉಪಾಯ. ಮಾಡಿದೆವು. ಸೆಲ್ ಶುದ್ಧವಾಗಿ ಸಿಕ್ಕಿತು, ವಾರದೊಳಗೆ ಸೊರಗಿತು. ಕಾಲಜನ್ ಲೇಪಿಸಿದ ಪ್ಲೇಟ್‌ನಲ್ಲೂ ಅದೇ ಹಾಡು. ಆಮೇಲೆ ಯೋಚನೆ ತಿರುಗಿತು. ಗಡ್ಡೆಯೊಳಗೆ ಈ ಎರಡು ಬಗೆಯ ಸೆಲ್ ಒಟ್ಟಿಗೇ ಇರುತ್ತವೆ. ಸುತ್ತ ಅವೇ ಸುರಿಸಿದ ಕಾಲಜನ್, ಫೈಬ್ರೊನೆಕ್ಟಿನ್ ಇರುತ್ತದೆ. ಮ್ಯುಟೇಶನ್ ಇರುವ ಸೆಲ್‌ಗೆ ಆ ಜೊತೆ ಬೇಕು. ಹಾಗಿದ್ದರೆ ಬಿಡಿಸುವುದೇ ಯಾಕೆ?

ಅಲ್ಲಿಂದ ನಾವು ಡೈಜೆಷನ್ (ಕಾಲಜಿನೇಸ್‌ನಿಂದ ಕರಗಿಸುವುದು) ಅರ್ಧಕ್ಕೇ ನಿಲ್ಲಿಸತೊಡಗಿದೆವು. ತುಣುಕು ಸಡಿಲವಾಗಿ, ಪಿಪೆಟ್‌ನಲ್ಲಿ ಎಳೆದರೆ ಸಣ್ಣ ಸಣ್ಣ ಗೊಂಚಲಾಗಿ ಬರಬೇಕು. ಬಿಡಿ ಸೆಲ್ ಆಗಬಾರದು. 100 ಮೈಕ್ರಾನ್ ಜರಡಿಯಲ್ಲಿ ಹಿಡಿದು, ದೊಡ್ಡದನ್ನು ಮತ್ತೆ ಸ್ವಲ್ಪ ಹೊತ್ತು ಇಟ್ಟು, ಬಿಡಿ ಸೆಲ್‌ಗಳನ್ನು ಹೆಚ್ಚಾಗಿ ಚೆಲ್ಲಿಬಿಡುತ್ತೇವೆ. ಬೇರೆಯವರು ಇಟ್ಟುಕೊಳ್ಳುವುದನ್ನು ನಾವು ಚೆಲ್ಲುತ್ತೇವೆ. ಇಡೀ ವಿಧಾನದ ಜೀವ ಇರುವುದು ಇದರಲ್ಲೇ.

ಗೊಂಚಲುಗಳನ್ನು ಅಗರೋಸ್ (ಜೆಲ್ಲಿಯಂತೆ ಗಟ್ಟಿಯಾಗುವ ವಸ್ತು) ಹಾಕಿದ 96 ಬಾವಿಯ (ಸಣ್ಣ ಗುಳಿಗಳ) ಪ್ಲೇಟ್‌ಗೆ ಹಾಕುತ್ತೇವೆ. ಅಂಟಿಕೊಳ್ಳದ ಪ್ಲೇಟ್ ಕೊಳ್ಳಲು ಹೋದರೆ ಒಂದಕ್ಕೆ ಸಾವಿರಗಟ್ಟಲೆ ಹೇಳುತ್ತಾರೆ. ಸಾದಾ ಪ್ಲೇಟ್‌ಗೆ ಬಾವಿಗೆ 50 ಮೈಕ್ರೊಲೀಟರ್‌ನಂತೆ 1.5% ಬಿಸಿ ಅಗರೋಸ್ ಬಿಟ್ಟರೆ ತಾನಾಗಿ ಬಟ್ಟಲಿನ ಆಕಾರಕ್ಕೆ ಗಟ್ಟಿಯಾಗುತ್ತದೆ. ಖರ್ಚು ಹತ್ತರಲ್ಲಿ ಒಂದು ಪಾಲೂ ಇಲ್ಲ. ಎರಡು-ಮೂರು ದಿನದಲ್ಲಿ ಗೊಂಚಲುಗಳು ಸೇರಿ ಉಂಡೆಯಾಗುತ್ತವೆ. 300-400 ಮೈಕ್ರಾನ್ ಒಳಗೇ ಇರಲಿ, 500 ದಾಟಿದರೆ ನಡು ಸಾಯುತ್ತದೆ. ಈಸ್ಟ್ರಡಯಾಲ್ 10 ನ್ಯಾನೊಮೋಲಾರ್, ಪ್ರೊಜೆಸ್ಟರಾನ್ 100. ಮೂರನೇ ದಿನ ಮೀಡಿಯಾ ಬದಲಿಸುವಾಗ ಇನ್ನೊಂದನ್ನು ಸೇರಿಸುತ್ತೇವೆ. ಅದು ಏನು, ಎಷ್ಟು ಅಂತ ಪೇಪರ್ ಬರುವವರೆಗೆ ಹೇಳುವುದಿಲ್ಲ. ಹುಡುಗಿಯ ಥೀಸಿಸ್ ಅದರ ಮೇಲೆ ನಿಂತಿದೆ.

ಇಪ್ಪತ್ತು ದಿನದ ಆಸುಪಾಸಿನಲ್ಲಿ ಉಂಡೆಗಳ ಆರ್‌ಎನ್‌ಎ ಕಳಿಸಿದೆವು. ಪೀಕ್ ತಾಜಾ ತುಣುಕಿನಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಗಟ್ಟಿಯಾಗಿ ನಿಂತಿತ್ತು. ಅದೇ ಗಡ್ಡೆಯಿಂದ ಫ್ಲಾಸ್ಕ್‌ನಲ್ಲಿ ಬೆಳೆಸಿದ್ದರಲ್ಲಿ ಏನೂ ಇಲ್ಲ. ಇದಾಗಲ್ಲ ಅಂದಿದ್ದವರು ಒಂದೇ ಗಡ್ಡೆಯ ಅದೃಷ್ಟ ಅಂದರು. ಆಮೇಲೆ ಮಾಡಿದ ಗಡ್ಡೆಗಳಲ್ಲಿ ಮುಕ್ಕಾಲು ಪಾಲಿನಷ್ಟರಲ್ಲಿ ಹಾಗೇ ಬಂತು. ಬಾಯಿ ಮುಚ್ಚಿದರು. ಅವರಲ್ಲೇ ಒಬ್ಬರ ವಿದ್ಯಾರ್ಥಿಗಳು ಈಚೆಗೆ ಬಂದು ಕಲಿತು ಹೋದರು.

ನನಗೆ ಇದಕ್ಕಿಂತ ಖುಷಿ ಕೊಟ್ಟದ್ದು ಔಷಧದ ಪ್ರಯೋಗ. ಫ್ಲಾಸ್ಕ್‌ನ ಸೆಲ್‌ಗಳಲ್ಲಿ ಪ್ಯಾಸೇಜ್ ಹೆಚ್ಚಾದಂತೆ ಪ್ರೊಜೆಸ್ಟರಾನ್ ರಿಸೆಪ್ಟರ್ ಕಳೆದುಹೋಗುತ್ತದೆ, ಆ ರಿಸೆಪ್ಟರ್ ತಡೆಯುವ ಮಿಫೆಪ್ರಿಸ್ಟೋನ್ ಔಷಧ ಹಾಕಿದರೂ ಬಿಟ್ಟರೂ ಒಂದೇ. ನಮ್ಮ ಉಂಡೆಗಳು ಪ್ರೊಜೆಸ್ಟರಾನ್ ಇದ್ದಾಗ ಬೆಳೆದವು, ಮಿಫೆಪ್ರಿಸ್ಟೋನ್ ಹಾಕಿದಾಗ ನಿಂತವು. 2010ರಲ್ಲಿ ಷಿಕಾಗೊದ ಬುಲುನ್ ಅವರ ತಂಡ ಇಲಿಯ ಕಿಡ್ನಿಯ ಪೊರೆಯೊಳಗೆ ಫೈಬ್ರಾಯ್ಡ್ ನಾಟಿ ಹಾಕಿ, ಬೆಳೆಯಲು ಪ್ರೊಜೆಸ್ಟರಾನ್ ಬೇಕೇ ಬೇಕು ಅಂತ ತೋರಿಸಿತ್ತು. ಇಲಿ ಇಲ್ಲದೆ, ಅಗರೋಸ್ ಬಟ್ಟಲಲ್ಲಿ ನಮಗೆ ಅದೇ ದಿಕ್ಕಿನ ಉತ್ತರ ಸಿಕ್ಕಿತು. ಒಂದು ಎಚ್ಚರಿಕೆ: ಉಂಡೆಯ ಅಗಲ ಅಳೆದು ಸುಮ್ಮನಾಗಬೇಡಿ. ಫೈಬ್ರಾಯ್ಡ್ ದೊಡ್ಡದಾಗುವುದು ಸೆಲ್‌ನಿಂದ ಮಾತ್ರವಲ್ಲ, ಸೆಲ್ ಸುರಿಸುವ ಕಾಲಜನ್‌ನಿಂದಲೂ. ಕಾಲಜನ್ ತೋರಿಸುವ ಪಿಕ್ರೊಸಿರಿಯಸ್ ರೆಡ್ ಬಣ್ಣ ಹಾಕಿ ನೋಡಿ. ಸೆಲ್ ಕಡಿಮೆಯಾಗಿಯೂ ಉಂಡೆ ಅಷ್ಟೇ ದಪ್ಪ ಇದ್ದದ್ದನ್ನು ನಾವು ನೋಡಿದ್ದೇವೆ.

ಮಧ್ಯೆ ಅರಿಶಿನದ ಹಿಂದೆಯೂ ಹೋದೆವು. ಕರ್ಕ್ಯುಮಿನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ರೋಗಿಗಳೂ ಕೇಳುತ್ತಾರೆ. ಅದರ ಹಳದಿ ಬಣ್ಣ ಮತ್ತು ಹೊಳಪು ಪ್ಲೇಟ್ ರೀಡರ್ ಅನ್ನು ದಾರಿ ತಪ್ಪಿಸುತ್ತದೆ. ಸೀರಂ ಇಲ್ಲದ ಬಫರ್‌ನಲ್ಲಿ 37 ಡಿಗ್ರಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಬಹುಪಾಲು ಒಡೆದುಹೋಗುತ್ತದೆ. ಹಸಿರು ಚಹಾದ ಇಜಿಸಿಜಿ ಇನ್ನೊಂದು ಬಗೆ. ಮೀಡಿಯಾದಲ್ಲೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಸೆಲ್ ಕೊಲ್ಲುತ್ತದೆ. ಆ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಸೇರಿಸಿದ ಬಾವಿಗಳನ್ನು ಪಕ್ಕದಲ್ಲಿ ಇಟ್ಟಾಗ ಪರಿಣಾಮದಲ್ಲಿ ಒಳ್ಳೆಯ ಪಾಲು ಮಾಯವಾಯಿತು. ಇವು ಫೈಬ್ರಾಯ್ಡ್‌ಗೆ ಕೆಲಸ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಈ ಕಂಟ್ರೋಲ್ ಇಲ್ಲದ ಗ್ರಾಫ್ ತಂದರೆ ನಾನು ನಂಬುವುದಿಲ್ಲ, ಅಷ್ಟೇ.

ನಮಗೆ ಹೊಸ ಔಷಧ ಬೇಕೇ ಬೇಕು. ಈಗಿರುವ ಹಾರ್ಮೋನ್ ಇಂಜೆಕ್ಷನ್ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಯುಲಿಪ್ರಿಸ್ಟಲ್ ಮಾತ್ರೆಯ ಮೇಲೆ ಬಹಳ ಭರವಸೆ ಇತ್ತು, ಲಿವರ್ ತೊಂದರೆಯಿಂದ ಯುರೋಪಿನಲ್ಲಿ 2018ರಿಂದ ನಿರ್ಬಂಧ ಬಿತ್ತು. ಸದ್ಯ ಉಂಡೆಗಳ ಮೇಲೆ ಕಾಲಜನ್ ಕಡಿಮೆ ಮಾಡುವ ಎರಡು ಹಳೆಯ, ಅಗ್ಗದ ಮಾತ್ರೆಗಳನ್ನು ನೋಡುತ್ತಿದ್ದೇವೆ. ಎಚ್‌ಎಂಜಿಎ2 ಎಂಬ ಇನ್ನೊಂದು ಜೀನ್ ಕೆಟ್ಟ ಬಗೆಯ ಗಡ್ಡೆಗಳಿಗೆ ಮಾತ್ರ ಇದೇ ಅಳತೆ ಒಗ್ಗುತ್ತಿಲ್ಲ. ಅವುಗಳಲ್ಲಿ ಸ್ನಾಯು ಸೆಲ್‌ಗಳೇ ಹೆಚ್ಚು, ಗೊಂಚಲು ಬೇಗ ಬಿಡಿಯಾಗುತ್ತದೆ. ಅವಕ್ಕೆ ಡೈಜೆಷನ್ ಹೊತ್ತನ್ನು ಅರ್ಧಕ್ಕೆ ಇಳಿಸಿ ನೋಡುತ್ತಿದ್ದೇವೆ. ಯಾರಾದರೂ ಇದನ್ನು ಮಾಡಿದ್ದರೆ ಎಷ್ಟು ಹೊತ್ತು ಇಟ್ಟಿರಿ ಅಂತ ತಿಳಿಸಿ.