ಹಳೆಯ ಕಾರಿನ ಸ್ಪಾರ್ಕ್ ಪ್ಲಗ್ ಬದಲಿಸುವ ಬಗೆ

ಮಾರುತಿ 800ರಂತಹ ಹಳೆಯ ಪೆಟ್ರೋಲ್ ಕಾರಿನಲ್ಲಿ ಸಿಲಿಂಡರಿಗೊಂದರಂತೆ, ಪೆಟ್ರೋಲನ್ನು ಕಿಡಿಯಿಂದ ಹೊತ್ತಿಸುವ ಮೂರೇ ಪ್ಲಗ್‌ಗಳಿರುವುದರಿಂದ ಅವನ್ನು ಮನೆಯಲ್ಲೇ ಬದಲಿಸಬಹುದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು; ಬಿಸಿಯಿದ್ದಾಗ ಬಿಚ್ಚಿದರೆ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ (ಪ್ಲಗ್ ಕೂರುವ ತಿರುಪಿನ ಗೆರೆ) ಕಿತ್ತುಬರುವ ಅಪಾಯವಿದೆ.

ಮಂಡ್ಯದ ಕಡೆ ಕಬ್ಬಿನ ಗಾಡಿಗಳ ಹಿಂದೆ ಓಡಾಡಿದ ಕಾರಾದರೆ ಪ್ಲಗ್‌ಗಳ ಸುತ್ತ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಬ್ರಷ್ಷಿನಿಂದಲೋ ಸೈಕಲ್ ಪಂಪಿನಿಂದಲೋ ತೆಗೆಯದಿದ್ದರೆ ಕಸವೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ.

ವೈರುಗಳು ಅದಲುಬದಲಾಗದಂತೆ ಒಂದೊಂದೇ ಪ್ಲಗ್ ಬದಲಿಸುವುದು ಲೇಸು. ವೈರನ್ನು ಎಳೆಯದೆ, ಅದರ ರಬ್ಬರ್ ಟೋಪಿಯನ್ನು ಹಿಡಿದು ತುಸು ತಿರುಚಿ ಕೀಳಬೇಕು. ಬಿಚ್ಚಿದ ಪ್ಲಗ್ಗನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿ: ತುದಿ ತಿಳಿಗಂದಾಗಿದ್ದರೆ ಎಂಜಿನ್ ಸರಿಯಾಗಿದೆ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿ ಹರಿಯುತ್ತಿರಬಹುದು, ಆಯಿಲ್ ಜಿಡ್ಡಿದ್ದರೆ ಆಯಿಲನ್ನು ತಡೆಯುವ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು, ಅಂಥ ಕಾರಿಗೆ ಹೊಸ ಪ್ಲಗ್ ತಾತ್ಕಾಲಿಕ ಉಪಶಮನವಷ್ಟೇ.

ಹೊಸ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಅಂತರವನ್ನು ಫೀಲರ್ ಗೇಜಿನಿಂದ (ತೆಳು ಲೋಹಪಟ್ಟಿಗಳ ಅಳತೆಯ ಸಾಧನ) ಅಳೆದು ಕಾರಿನ ಕೈಪಿಡಿ ಹೇಳುವಷ್ಟಕ್ಕೆ, ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ.ಗೆ, ಹೊಂದಿಸಬೇಕು. ಬಳಿಕ ಬರಿಗೈಯಿಂದಲೇ ವಾಷರ್ ತಾಗುವವರೆಗೆ ತಿರುಗಿಸಿ, ನಡುವೆ ಬಿಗಿಯೆನಿಸಿದರೆ ಬಲವಂತ ಮಾಡದೆ ಹಿಂದಕ್ಕೆ ಬಿಚ್ಚಿ ಮತ್ತೆ ನೇರವಾಗಿ ಕೂರಿಸಿ, ಕೊನೆಯ ಅರ್ಧ ಸುತ್ತನ್ನು ಮಾತ್ರ ಪ್ಲಗ್ ಸ್ಪ್ಯಾನರಿನಿಂದ ಬಿಗಿಮಾಡಬೇಕು.