ಜಮೈಕಾದವರನ್ನೂ ಕೈಯೋವಾದವರನ್ನೂ ಹೋಲಿಸುವುದು ಹೇಗೆ? ಅಸೈನ್‌ಮೆಂಟ್ ಬರೆಯುವವರಿಗೆ

ಕಾಸರಗೋಡು, ಮಂಜೇಶ್ವರ ಕಡೆಯ ಕಾಲೇಜು ಮಕ್ಕಳಿಗೆ ಅರ್ಥಶಾಸ್ತ್ರದಲ್ಲಿ ಇಂಥ ಅಸೈನ್‌ಮೆಂಟ್ ಬಂದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಗೂಗಲ್‌ನಲ್ಲಿ ಎರಡು ತಲಾ ಆದಾಯ ಹುಡುಕುತ್ತಾರೆ, ಪಕ್ಕಪಕ್ಕ ಇಡುತ್ತಾರೆ, ದೊಡ್ಡ ಸಂಖ್ಯೆ ಯಾರದೋ ಅವರು ಮುಂದುವರಿದವರು ಎಂದು ಬರೆದು ಫೈಲ್ ಕಟ್ಟುತ್ತಾರೆ. ಅಂಕ ಸಿಗಬಹುದು. ಆದರೆ ಓದಿದವನಿಗೆ ಏನೂ ತಿಳಿಯುವುದಿಲ್ಲ. ಜಮೈಕಾ ಮತ್ತು ಕೈಯೋವಾ ಅಂತ ವಿಷಯ ಸಿಕ್ಕಿದರೆ ನಾನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಬೇರೆ ಯಾವ ಎರಡು ಸಮುದಾಯಕ್ಕೂ ಇದೇ ದಾರಿ ನಡೆಯುತ್ತದೆ.

ಮೊದಲು ಇವರಿಬ್ಬರೂ ಯಾರು ಅಂತ ನೋಡಿ. ಜಮೈಕಾ ಕೆರಿಬಿಯನ್ ಸಮುದ್ರದ ಒಂದು ದ್ವೀಪ, 1962ರ ಆಗಸ್ಟ್ 6ರಂದು ಬ್ರಿಟಿಷರಿಂದ ಸ್ವತಂತ್ರವಾದ ದೇಶ. ಜನಸಂಖ್ಯೆ ಸುಮಾರು 28 ಲಕ್ಷ. ಸ್ವಂತ ನಾಣ್ಯ ಇದೆ, ಕೇಂದ್ರ ಬ್ಯಾಂಕ್ ಇದೆ, ಬಜೆಟ್ ಇದೆ, ಬೇಕಾದಷ್ಟು ಸಾಲವೂ ಇದೆ. ಕೈಯೋವಾ ಅಮೆರಿಕದ ಒಂದು ಮೂಲನಿವಾಸಿ ಬುಡಕಟ್ಟು. ಸದಸ್ಯರು ಸುಮಾರು 12 ಸಾವಿರ, ಕೇಂದ್ರ ಕಚೇರಿ ಒಕ್ಲಹೋಮಾ ರಾಜ್ಯದ ನೈಋತ್ಯಕ್ಕೆ ಇರುವ ಕಾರ್ನೆಗಿ ಎಂಬ ಚಿಕ್ಕ ಪೇಟೆಯಲ್ಲಿ. ಅವರಿಗೆ ಸ್ವಂತ ಸಂವಿಧಾನ ಇದೆ, ಸ್ವಂತ ಸರ್ಕಾರ ಇದೆ, ಆದರೆ ನಾಣ್ಯ ಅಮೆರಿಕದ ಡಾಲರ್, ಪೌರತ್ವವೂ ಅಮೆರಿಕದ್ದೇ.

ಹಾಗಾಗಿ 'ಕೈಯೋವಾ ಜಿಡಿಪಿ ಎಷ್ಟು' ಅಂತ ಹುಡುಕುತ್ತಾ ರಾತ್ರಿ ಕಳೆಯಬೇಡಿ. ದೇಶಕ್ಕೆ ಲೆಕ್ಕ ಹಾಕುವ ಹಾಗೆ ಅಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಕಡೆ ದೇಶ, ಇನ್ನೊಂದು ಕಡೆ ದೇಶದೊಳಗಿನ ಸಮುದಾಯ. ಹೋಲಿಸಬೇಕಾದದ್ದು ಮನೆ ಮತ್ತು ಮನೆ, ಕುಟುಂಬ ಮತ್ತು ಕುಟುಂಬ.

ಅದಕ್ಕೆ ಎರಡು ದಾರಿ ಇದೆ. ಸುಲಭದ್ದು, ಅಮೆರಿಕದಲ್ಲಿ ನೆಲೆಸಿದ ಜಮೈಕಾ ಮೂಲದವರನ್ನು ಕೈಯೋವಾ ಜನರ ಜೊತೆ ಇಡುವುದು. ಅಲ್ಲಿ ಜಮೈಕಾ ಮೂಲದವರು 10 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಅಮೆರಿಕನ್ ಕಮ್ಯುನಿಟಿ ಸರ್ವೆ ಅಂತ ಅಲ್ಲಿನ ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಮಾಡುವ ಸಮೀಕ್ಷೆಯಲ್ಲಿ ಇಬ್ಬರೂ ಸಿಗುತ್ತಾರೆ, ಒಂದೇ ಡಾಲರ್, ಒಂದೇ ಪ್ರಶ್ನಾವಳಿ. ಜಮೈಕಾದವರನ್ನು ವಂಶಮೂಲದ ಪಟ್ಟಿಯಲ್ಲಿ ಹುಡುಕಬೇಕು, ಕೈಯೋವಾದವರನ್ನು ಬುಡಕಟ್ಟಿನ ಪಟ್ಟಿಯಲ್ಲಿ. ಆದರೆ ಇಲ್ಲಿ ನೀವು ನೋಡುತ್ತಿರುವುದು ಊರು ಬಿಟ್ಟು ಹೋದ ಜಮೈಕಾದವರನ್ನು ಮಾತ್ರ. ಹೋಗಲು ಕಲಿಕೆಯೋ, ಕಸುಬೋ, ವೀಸಾಕ್ಕೆ ಬೇಕಾದ ದುಡ್ಡೋ, ಮೊದಲೇ ಹೋಗಿ ನೆಲೆಸಿದ ನೆಂಟರೋ ಇದ್ದವರು ಹೋದರು. ದುಬೈಯಲ್ಲಿರುವ ಕಾಸರಗೋಡಿನವರ ಸಂಬಳ ನೋಡಿ ಕಾಸರಗೋಡು ಇಷ್ಟು ಶ್ರೀಮಂತ ಅಂತ ಬರೆಯಲು ಆಗುತ್ತದಾ? ಅದೇ ಕಥೆ.

ಎರಡನೆಯ ದಾರಿ ಕಷ್ಟದ್ದು, ದ್ವೀಪದಲ್ಲೇ ಇರುವವರನ್ನು ತೆಗೆದುಕೊಳ್ಳುವುದು. ಜಮೈಕಾದಲ್ಲಿ 1988ರಿಂದ ಜೀವನಸ್ಥಿತಿ ಸಮೀಕ್ಷೆ ನಡೆಯುತ್ತಿದೆ. ಅದು ಬಡತನವನ್ನು ಅಳೆಯುವುದು ಮನೆಯವರು ಎಷ್ಟು ಖರ್ಚು ಮಾಡಿದರು ಅನ್ನುವುದರಿಂದ. ಅಮೆರಿಕದ ಲೆಕ್ಕ ಆದಾಯದ್ದು. ಕೂಲಿ ಸಿಗದ ತಿಂಗಳಲ್ಲೂ ಜನ ಸಾಲ ಮಾಡಿಯಾದರೂ ಊಟ ಮಾಡುತ್ತಾರೆ ಅಲ್ವಾ, ಹಾಗಾಗಿ ಎರಡು ಲೆಕ್ಕವೂ ಒಂದೇ ಉತ್ತರ ಕೊಡುವುದಿಲ್ಲ. ಎರಡು ಶೇಕಡಾವಾರು ಪಕ್ಕಪಕ್ಕ ಬರೆಯುವಾಗ ಯಾವುದು ಖರ್ಚಿನ ಲೆಕ್ಕ, ಯಾವುದು ಆದಾಯದ ಲೆಕ್ಕ ಅಂತ ಅದೇ ಸಾಲಿನಲ್ಲಿ ಹೇಳಿಬಿಡಿ.

ರೂಪಾಯಿಗೆ ತಿರುಗಿಸುವಾಗಲೂ ಜಾಗ್ರತೆ. 2024ರಲ್ಲಿ ಅಮೆರಿಕ ಸರ್ಕಾರ ಸವಲತ್ತು ಕೊಡಲು ಬಳಸಿದ ಬಡತನ ರೇಖೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 31,200 ಡಾಲರ್. ಆಗಿನ ಪೇಟೆ ದರದಲ್ಲಿ ಸುಮಾರು 26 ಲಕ್ಷ ರೂಪಾಯಿ. ಬದಿಯಡ್ಕದಲ್ಲಿ 26 ಲಕ್ಷ ವರಮಾನ ಇದ್ದವನನ್ನು ಯಾರಾದರೂ ಬಡವ ಅಂದರೆ ಜನ ನಕ್ಕಾರು. ಅದಕ್ಕೇ ಕೊಳ್ಳುವ ಶಕ್ತಿಯ ದರ ಬಳಸಬೇಕು, ಅಂದರೆ ಅಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಇಲ್ಲಿ ಕೊಳ್ಳಲು ಎಷ್ಟು ರೂಪಾಯಿ ಬೇಕು ಅನ್ನುವ ಲೆಕ್ಕ. ಭಾರತಕ್ಕೆ ಅದು ಒಂದು ಡಾಲರಿಗೆ 20 ರೂಪಾಯಿಯ ಆಸುಪಾಸು. ಆಗ ಅದೇ ರೇಖೆ ಆರೂಕಾಲು ಲಕ್ಷಕ್ಕೆ ಇಳಿಯುತ್ತದೆ. ಜಮೈಕಾ ಡಾಲರನ್ನೂ ಹೀಗೇ ತಿರುಗಿಸಿ. ವಿಶ್ವಬ್ಯಾಂಕಿನ ತಾಣದಲ್ಲಿ ಪ್ರತಿ ದೇಶದ ದರವೂ ವರ್ಷವಾರು ಸಿಗುತ್ತದೆ.

ಕೈಯೋವಾ ಅಂಕಿ ಹುಡುಕುವಾಗ ಇನ್ನೊಂದು ಹೊಂಡ ಇದೆ. ಒಕ್ಲಹೋಮಾದಲ್ಲಿ ಹಳೆಯ ರಿಸರ್ವೇಶನ್ (ಬುಡಕಟ್ಟುಗಳಿಗೆಂದು ಮೀಸಲಿಟ್ಟ ಭೂಮಿ) ಇದ್ದ ಜಾಗವನ್ನು ಹಿಡಿದು ಸೆನ್ಸಸ್ ಬ್ಯೂರೋ ಒಂದು ಪ್ರದೇಶ ಗುರುತಿಸಿದೆ. ಅದರ ಹೆಸರೇ ಕೈಯೋವಾ, ಕಮಾಂಚಿ, ಅಪಾಚೆ, ಫೋರ್ಟ್ ಸಿಲ್ ಅಪಾಚೆ ಅಂತ ಉದ್ದಕ್ಕೆ ಹೋಗುತ್ತದೆ. ಹೆಸರು ನೋಡಿ ಖುಷಿಯಾಗಬೇಡಿ. ಅದರೊಳಗೆ ಲಾಟನ್ ನಗರ ಬರುತ್ತದೆ, ದೊಡ್ಡ ಸೇನಾ ನೆಲೆ ಬರುತ್ತದೆ, ಅಲ್ಲಿನ ಜನರಲ್ಲಿ ಹೆಚ್ಚಿನವರು ಯಾವ ಬುಡಕಟ್ಟಿನವರೂ ಅಲ್ಲ. ಆ ಪ್ರದೇಶದ ಸರಾಸರಿ ಆದಾಯ ಕೈಯೋವಾ ಜನರ ಆದಾಯ ಅಲ್ಲವೇ ಅಲ್ಲ. ಅರ್ಥ ಆಗಬೇಕಿದ್ದರೆ ಮೊದಲು ಊರಲ್ಲೇ ಅಭ್ಯಾಸ ಮಾಡಿ: 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಈ ಜಿಲ್ಲೆಯ ಸಾಕ್ಷರತೆ, ಮನೆ, ಆದಾಯದ ಸರಾಸರಿ ತೆಗೆದುಕೊಂಡು, ಅದರಲ್ಲಿ ಬುಟ್ಟಿ ಹೆಣೆಯುವ ಒಂದು ಕೊರಗ ಕುಟುಂಬದ ಬಗ್ಗೆ ಏನಾದರೂ ತಿಳಿಯುತ್ತದಾ ನೋಡಿ.

ಈಗ ನಿಜವಾದ ಕೆಲಸ. ನನ್ನ ಪ್ರಕಾರ ಈ ಅಸೈನ್‌ಮೆಂಟಿನ ಅರ್ಧ ಪುಟಗಳು ಜಾಗಕ್ಕೇ ಹೋಗಬೇಕು. ಯಾರಿಗೆ ಎಷ್ಟು ಆದಾಯ ಅನ್ನುವುದಕ್ಕಿಂತ, ಜಾಗ ಯಾರ ಹೆಸರಲ್ಲಿದೆ, ಅದನ್ನು ಇಟ್ಟು ಬ್ಯಾಂಕಿನಲ್ಲಿ ಸಾಲ ಸಿಗುತ್ತದಾ ಅನ್ನುವುದು ಇಲ್ಲಿ ಜಾಸ್ತಿ ಹೇಳುತ್ತದೆ.

ಕೈಯೋವಾದವರು ಕುದುರೆ ಏರಿ ಕಾಡೆಮ್ಮೆ ಬೇಟೆಯಾಡುತ್ತಿದ್ದ ಬಯಲು ಸೀಮೆಯ ಜನ. 1867ರ ಮೆಡಿಸಿನ್ ಲಾಡ್ಜ್ ಒಪ್ಪಂದದಲ್ಲಿ ಅವರಿಗೆ, ಕಮಾಂಚಿ ಮತ್ತು ಬಯಲಿನ ಅಪಾಚೆಯವರಿಗೆ ಸೇರಿ ಸುಮಾರು 30 ಲಕ್ಷ ಎಕರೆಯ ರಿಸರ್ವೇಶನ್ ಸಿಕ್ಕಿತು. 1870ರ ದಶಕದಲ್ಲಿ ಬಿಳಿಯ ಬೇಟೆಗಾರರು ಚರ್ಮಕ್ಕಾಗಿ ಕಾಡೆಮ್ಮೆಗಳನ್ನು ಕೊಂದು ಮುಗಿಸಿದರು. ಅಲ್ಲಿಗೆ ಊಟ, ಬಟ್ಟೆ, ಡೇರೆ, ವ್ಯಾಪಾರ ಎಲ್ಲ ಹೋಯಿತು. ಆಮೇಲೆ ಟೆಕ್ಸಸ್‌ನ ದನಗಾಹಿ ದೊರೆಗಳಿಗೆ ಹುಲ್ಲುಗಾವಲು ಬಾಡಿಗೆಗೆ ಕೊಟ್ಟು ಬಂದ 'ಹುಲ್ಲಿನ ದುಡ್ಡಿ'ನಲ್ಲಿ ಸ್ವಲ್ಪ ಕಾಲ ನಡೆಯಿತು. ಅದೂ ಉಳಿಯಲಿಲ್ಲ. 1892ರಲ್ಲಿ ಜೆರೋಮ್ ಒಪ್ಪಂದ ಅಂತ ಒಂದು ಮಾಡಿಸಿದರು, ಸಹಿಗಳೇ ಸರಿಯಿಲ್ಲ ಅಂತ ಕೈಯೋವಾದವರು ಕೂಗಾಡುತ್ತಿದ್ದರೂ 1900ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದನ್ನು ಒಪ್ಪಿತು. ತಲೆಗೆ 160 ಎಕರೆ ಹಂಚಿ, ಉಳಿದದ್ದರಲ್ಲಿ ಹೆಚ್ಚಿನದನ್ನು 1901ರಲ್ಲಿ ಲಾಟರಿ ಎತ್ತಿ ಹೊರಗಿನವರಿಗೆ ಕೊಟ್ಟರು. ಹೌದು, ನಿಜವಾದ ಲಾಟರಿ. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಹೆಸರು ಕೊಟ್ಟರು, ಜಾಗ ಇದ್ದದ್ದು 13 ಸಾವಿರ ಮಂದಿಗೆ. ಲೋನ್ ವುಲ್ಫ್ ಎಂಬ ಕೈಯೋವಾ ಮುಖಂಡ ಕೋರ್ಟಿಗೆ ಹೋದ. ಬುಡಕಟ್ಟಿನ ಜೊತೆ ಮಾಡಿದ ಒಪ್ಪಂದವನ್ನು ಕಾಂಗ್ರೆಸ್ ತಾನೇ ಮುರಿಯಬಹುದು ಅಂತ 1903ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಉಳಿದ ಆ 160 ಎಕರೆಗೆ ಏನಾಯಿತು ಅಂತ ತಿಳಿಯಲು ನಮ್ಮ ಕಡೆಯ ಕುಟುಂಬದ ಆಸ್ತಿಯನ್ನು ನೆನಪಿಸಿಕೊಳ್ಳಿ. ಅಜ್ಜನ ಹೆಸರಲ್ಲಿ ಎರಡೆಕರೆ ಅಡಿಕೆ ತೋಟ, ಪಾಲು ಆಗಿಲ್ಲ, ಹಕ್ಕುದಾರರಲ್ಲಿ ಒಬ್ಬ ಮುಂಬೈಯಲ್ಲಿ, ಇಬ್ಬರು ಬೆಂಗಳೂರಲ್ಲಿ, ಒಬ್ಬ ಮಸ್ಕತ್‌ನಲ್ಲಿ, ಒಬ್ಬಳು ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿಲ್ಲ. ಎಲ್ಲರ ಸಹಿ ಆಗದೆ ಏನೂ ಮಾಡುವ ಹಾಗಿಲ್ಲ. ಇದನ್ನು ನಾಲ್ಕೈದು ತಲೆಮಾರು ಮುಂದಕ್ಕೆ ಎಳೆದರೆ ಕೈಯೋವಾ ಜಾಗ. ಅಲ್ಲಿ ಜಾಗ ತುಂಡಾಗುವುದಿಲ್ಲ, ಪಾಲು ಮಾತ್ರ ತುಂಡಾಗುತ್ತದೆ. ಜಾಗದ ಒಡೆತನ, ಹಕ್ಕುದಾರರ ಪರವಾಗಿ, ಫೆಡರಲ್ ಸರ್ಕಾರದ ಟ್ರಸ್ಟ್‌ನಲ್ಲಿರುತ್ತದೆ, ಬಾಡಿಗೆಗೆ ಕೊಡಲು ಬ್ಯೂರೋ ಆಫ್ ಇಂಡಿಯನ್ ಅಫೇರ್ಸ್ (ಮೂಲನಿವಾಸಿಗಳ ವ್ಯವಹಾರ ನೋಡುವ ಅಮೆರಿಕದ ಸರ್ಕಾರಿ ಇಲಾಖೆ) ಒಪ್ಪಬೇಕು, ಅಡವಿಡಲೂ ಒಪ್ಪಬೇಕು. ಗೋಧಿ ಬೆಳೆಯುವವನೋ ದನ ಮೇಯಿಸುವವನೋ ವರ್ಷಕ್ಕೆ 4,000 ಡಾಲರ್ ಬಾಡಿಗೆ ಕೊಟ್ಟ ಅಂತ ಇಟ್ಟುಕೊಳ್ಳಿ. 480ರಲ್ಲಿ ಒಂದು ಪಾಲು ಇದ್ದವನಿಗೆ ಬರುವುದು 8 ಡಾಲರ್ 33 ಸೆಂಟ್. ಕಾಗದದ ಮೇಲೆ ಆತ ಭೂಮಾಲೀಕ!

ಹೀಗೆ ಬಂದ ದುಡ್ಡಿನ ಲೆಕ್ಕವನ್ನು ಸರ್ಕಾರ ಸರಿಯಾಗಿ ಇಟ್ಟಿಲ್ಲ ಅಂತ ಬ್ಲಾಕ್‌ಫೀಟ್ ಬುಡಕಟ್ಟಿನ ಎಲೋಯಿಸ್ ಕೊಬೆಲ್ 1996ರಲ್ಲಿ ದಾವೆ ಹೂಡಿದರು. 2009ರಲ್ಲಿ 340 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 190 ಕೋಟಿ ಇಂಥ ಚೂರು ಪಾಲುಗಳನ್ನು ಕೊಂಡು ಬುಡಕಟ್ಟುಗಳಿಗೆ ಒಪ್ಪಿಸಲು ಇಟ್ಟದ್ದು. ಇದು ದೇಶದ ಎಲ್ಲ ಬುಡಕಟ್ಟುಗಳಿಗೆ ಸೇರಿದ ಮೊತ್ತ, ಕೈಯೋವಾದವರದ್ದು ಅಂತ ಬರೆಯಬೇಡಿ.

ಜಮೈಕಾದ ಕಡೆ ಬಂದರೆ ಮಜಾ ಇದೆ. ಅಲ್ಲಿಯೂ ಪಾಲಾಗದ ಜಾಗ ಇದೆ, ಫ್ಯಾಮಿಲಿ ಲ್ಯಾಂಡ್ ಅಂತಾರೆ. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದವರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಬ್ರಿಟಿಷ್ ಸರ್ಕಾರ ಸಾಮ್ರಾಜ್ಯದ ಗುಲಾಮರ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರಿಗೆ ಒಂದು ಕಾಸೂ ಕೊಡಲಿಲ್ಲ. ಬಿಡುಗಡೆಯಾದವರು ಚಿಕ್ಕಚಿಕ್ಕ ತುಂಡು ಜಾಗ ಕೊಂಡು, ಇದು ನನ್ನ ಸಂತತಿಯವರಿಗೆಲ್ಲ ಸೇರಿದ್ದು, ಮಾರಬಾರದು ಅಂತ ಬಿಟ್ಟುಹೋದರು. ಗಂಡು ಹೆಣ್ಣು ಎಂಬ ಭೇದ ಇಲ್ಲ, ಲಂಡನ್‌ಗೆ ಹೋದವನ ಮಗನಿಗೂ ಹಕ್ಕು ಇದೆ. ಎಷ್ಟೋ ಕಡೆ ದಾಖಲೆ ಇಲ್ಲ, ಹಾಗಾಗಿ ಬ್ಯಾಂಕ್ ಸಾಲ ಕೊಡುವುದಿಲ್ಲ. ಆದರೆ ಕೆಲಸ ಹೋದವನು ವಾಪಸ್ ಬಂದು ಒಂದು ಗುಡಿಸಲು ಕಟ್ಟಿಕೊಳ್ಳಬಹುದು, ಸತ್ತರೆ ಹೂಳಲು ಜಾಗ ಇದೆ.

ಎರಡೂ ಕಡೆ ಜಾಗ ಇದೆ, ಬಂಡವಾಳ ಇಲ್ಲ. ಒಂದು ಕಡೆ ಜನರೇ ಮಾಡಿಕೊಂಡ ಕಟ್ಟಳೆ, ಇನ್ನೊಂದು ಕಡೆ ಮೇಲಿನಿಂದ ಹೇರಿದ ಕಾನೂನು. ಈ ಒಂದು ವ್ಯತ್ಯಾಸವನ್ನು ಸರಿಯಾಗಿ ಬರೆದರೆ ಸಾಕು, ತಲಾ ಆದಾಯದ ಪಟ್ಟಿ ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಕಡೆಯವರು ಒಂದು ಪ್ಯಾರಾ ಜಾಸ್ತಿ ಸೇರಿಸಬಹುದು, ಯಾಕೆಂದರೆ ಅಳಿಯಸಂತಾನದ ಕೂಡುಕುಟುಂಬ ಆಸ್ತಿಯನ್ನು ಕೇರಳದ ಕಾನೂನು 1976ರ ಡಿಸೆಂಬರ್‌ನಿಂದ ರದ್ದು ಮಾಡಿತು, ಆಮೇಲೆ ಏನಾಯಿತು ಅಂತ ಮನೆಯ ಹಿರಿಯರಲ್ಲೇ ಕೇಳಿ ಬರೆಯಬಹುದು.

ಜಾಗ ಆದ ಮೇಲೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿ. ಜಮೈಕಾದಲ್ಲಿ ಕಬ್ಬು ಕುಸಿದ ಮೇಲೆ 1950ರ ದಶಕದಲ್ಲಿ ಬಾಕ್ಸೈಟ್ ಬಂತು, ಈಗ ಪ್ರವಾಸೋದ್ಯಮ ಮತ್ತು ಹೊರದೇಶದಿಂದ ಮನೆಯವರು ಕಳಿಸುವ ದುಡ್ಡು ಮುಖ್ಯ. ಕಳಿಸುವ ದುಡ್ಡೇ ವರ್ಷಕ್ಕೆ ಸುಮಾರು 300 ಕೋಟಿ ಅಮೆರಿಕನ್ ಡಾಲರ್. ಅದರ ಜೊತೆಗೆ ಬ್ಯಾರೆಲ್ ಬರುತ್ತದೆ: ನ್ಯೂಯಾರ್ಕ್‌ನಿಂದ ದೊಡ್ಡ ಡ್ರಮ್ಮಿನಲ್ಲಿ ಅಕ್ಕಿ, ಸೋಪು, ಶೂ, ಶಾಲೆಯ ಚೀಲ ತುಂಬಿ ಹಡಗಿಗೆ ಹಾಕುತ್ತಾರೆ. ಬ್ಯಾಂಕಿನ ಲೆಕ್ಕದಲ್ಲಿ ಈ ಡ್ರಮ್ ಬರುವುದಿಲ್ಲ. ಗಲ್ಫ್ ಪೆಟ್ಟಿಗೆ ಬಿಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈಯೋವಾದವರಿಗೆ ಫೆಡರಲ್ ಸರ್ಕಾರದ ಕಾರ್ಯಕ್ರಮಗಳ ದುಡ್ಡು, ಜಾಗದ ಬಾಡಿಗೆ, ಎಣ್ಣೆ ಮತ್ತು ಗ್ಯಾಸಿನ ಗುತ್ತಿಗೆ, ಮತ್ತೆ ಕ್ಯಾಸಿನೋ. 1988ರಲ್ಲಿ ಬುಡಕಟ್ಟುಗಳ ಜೂಜಿನ ಕಾನೂನು ಬಂತು, 2007ರಲ್ಲಿ ಡೆವೊಲ್ ಎಂಬಲ್ಲಿ ರೆಡ್ ರಿವರ್ ದಡದಲ್ಲಿ ಕೈಯೋವಾ ಕ್ಯಾಸಿನೋ ತೆರೆಯಿತು. ನದಿ ದಾಟಿದರೆ ಟೆಕ್ಸಸ್, ಅಲ್ಲಿ ಇಂಥ ಕ್ಯಾಸಿನೋಗೆ ಅನುಮತಿ ಸಿಗುವುದಿಲ್ಲ. ಗಿರಾಕಿಗಳು ಎಲ್ಲಿಂದ ಬರುತ್ತಾರೆ ಅಂತ ಗಡಿಯವರಿಗೆ ಹೇಳಬೇಕಾ?

ಬಂದ ದುಡ್ಡು ಎಲ್ಲಿ ಸೋರುತ್ತದೆ ಅನ್ನುವುದನ್ನು ಚಿಕ್ಕದಾಗಿ ಬರೆದರೂ ಸಾಕು. ಜಮೈಕಾದ ಪ್ರವಾಸಿ ಊರು ಮಾಂಟೆಗೊ ಬೇಯ ದೊಡ್ಡ ಹೋಟೆಲಿನಲ್ಲಿ ಊಟ, ಕುಡಿತ, ಆಟ ಎಲ್ಲ ಒಂದೇ ಟಿಕೆಟಿಗೆ, ಪ್ರವಾಸಿ ಗೇಟಿನಿಂದ ಹೊರಗೆ ಬರುವುದೇ ಕಮ್ಮಿ. ಕ್ಯಾಸಿನೋ ಲಾಭ ಬುಡಕಟ್ಟಿನ ಸರ್ಕಾರಕ್ಕೆ ಹೋಗುತ್ತದೆ, ಆದರೆ ಊರಲ್ಲಿ ಅಂಗಡಿ ಕಮ್ಮಿ ಇದ್ದರೆ ಸಂಬಳ ಪಕ್ಕದ ಪೇಟೆಯಲ್ಲೇ ಖರ್ಚಾಗುತ್ತದೆ. ಜಮೈಕಾಕ್ಕೆ ಇನ್ನೊಂದು ಸೋರಿಕೆ ಇದೆ, ಬಡ್ಡಿ. 2013ರ ಹೊತ್ತಿಗೆ ದೇಶದ ಸಾಲ ಜಿಡಿಪಿಯ ಶೇ. 140 ದಾಟಿತ್ತು. ಸಾಲ ಕೊಟ್ಟ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಷರತ್ತಿನಂತೆ ಬಡ್ಡಿ ಲೆಕ್ಕ ಬಿಟ್ಟು ಪ್ರತಿ ವರ್ಷ ಜಿಡಿಪಿಯ ಶೇ. 7.5ರಷ್ಟು ಉಳಿಸುವ ಗುರಿ ಇಟ್ಟುಕೊಂಡರು, ಹತ್ತು ವರ್ಷದಲ್ಲಿ ಸಾಲದ ಪ್ರಮಾಣ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಅದನ್ನು ಹೊಗಳುವ ಮೊದಲು ಅಷ್ಟು ವರ್ಷ ಶಾಲೆಗೆ, ರಸ್ತೆಗೆ, ಸರ್ಕಾರಿ ನೌಕರರ ಸಂಬಳಕ್ಕೆ ಎಷ್ಟು ಕೈ ಬಿಗಿ ಹಿಡಿದರು ಅಂತಲೂ ನೋಡಿ. ಕೈಯೋವಾ ಪಟ್ಟಿಯಲ್ಲಿ ಈ ಸಾಲು ಖಾಲಿ ಬಿಡಿ, ಸುಮ್ನೆ ತುಂಬಿಸಬೇಡಿ.

ಕೊನೆಗೆ ವರ್ಷ. ಚಿಕ್ಕ ಸಮುದಾಯ ಆದ್ದರಿಂದ ಕೈಯೋವಾ ಅಂಕಿ ಸಾಮಾನ್ಯವಾಗಿ ಐದು ವರ್ಷದ ಸರಾಸರಿಯಾಗಿ ಸಿಗುತ್ತದೆ, ತಪ್ಪಿನ ಅಂತರವೂ ದೊಡ್ಡದಿರುತ್ತದೆ, ಅದನ್ನು ಪಕ್ಕದಲ್ಲೇ ಬರೆಯಿರಿ. ಜಮೈಕಾದ್ದು ಒಂದೊಂದೇ ವರ್ಷದ್ದು ಸಿಕ್ಕರೂ, ಆ ವರ್ಷ ಚಂಡಮಾರುತ ಬಂದಿತ್ತಾ ಅಂತ ನೋಡಿಕೊಳ್ಳಿ. 1988ರಲ್ಲಿ ಗಿಲ್ಬರ್ಟ್, 2024ರ ಜುಲೈಯಲ್ಲಿ ಬೆರಿಲ್. 2020ನ್ನು ಮಾತ್ರ ಬೇರೆಯೇ ಕಾಲಮ್‌ನಲ್ಲಿ ಇಡಿ. ಆ ವರ್ಷ ಕೋವಿಡ್‌ಗೆ ಕ್ಯಾಸಿನೋ ಬಾಗಿಲು ಹಾಕಿತು, ಜಮೈಕಾದ ವಿಮಾನ ನಿಲ್ದಾಣಗಳೂ ಪ್ರವಾಸಿಗಳಿಗೆ ಮುಚ್ಚಿದವು, ದೇಶದ ಜಿಡಿಪಿ ಶೇ. 10ರಷ್ಟು ಬಿತ್ತು. ಆದರೆ ಅದೇ ವರ್ಷ ಹೊರಗಿದ್ದವರು ಮನೆಗೆ ಕಳಿಸಿದ ದುಡ್ಡು ಕಮ್ಮಿಯಾಗಲಿಲ್ಲ, ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಆಯಿತು. ಯಾಕೆ ಅಂತ ವೈವಾದಲ್ಲಿ ಕೇಳಿಯೇ ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ.