ಕೀಮೋ ಶುರುವಾಗುವ ಮೊದಲು ಕಂಕುಳಿನ ಗ್ರಂಥಿಗೆ ಕ್ಲಿಪ್ ಹಾಕಿದ್ದಾರೆಯೇ? ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆಯುವ ಕನ್ನಡಿಗರು ಮೊದಲೇ ತಿಳಿದಿರಬೇಕಾದ್ದು

ಕೀಮೋದಲ್ಲಿ ಕೂದಲು ಉದುರುತ್ತದೆಯೇ, ಏನು ತಿನ್ನಬಹುದು, ಪೋರ್ಟ್ ಎಂದರೇನು ಎಂಬುದನ್ನೆಲ್ಲ ಇಲ್ಲಿನ ನರ್ಸ್ ನ್ಯಾವಿಗೇಟರ್ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಅದನ್ನು ಬಿಟ್ಟು ನೇರವಾಗಿ ಕಂಕುಳಿನ ವಿಷಯಕ್ಕೆ ಬರುತ್ತೇನೆ. ಆಪರೇಷನ್‌ಗೆ ಮುಂಚೆ ಕೀಮೋ ಕೊಡುವ ಕ್ರಮದಲ್ಲಿ, ಕಂಕುಳಿನಿಂದ ಮೂರು ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆಯಬೇಕೋ ಹದಿನೈದು ತೆಗೆಯಬೇಕೋ ಎನ್ನುವುದು ಆಪರೇಷನ್ ದಿನ ನಿರ್ಧಾರವಾಗುತ್ತದೆ ಎಂದೇ ಹೆಚ್ಚಿನವರು ನಂಬಿರುತ್ತಾರೆ. ನಿಜಕ್ಕೂ ಅದರ ಅರ್ಧ ನಿರ್ಧಾರ ಐದಾರು ತಿಂಗಳು ಮೊದಲು, ಬಯಾಪ್ಸಿ ಕೋಣೆಯಲ್ಲೇ ಆಗಿಬಿಟ್ಟಿರುತ್ತದೆ. ಅದು ಅರಿವಿಗೆ ಬರುವಷ್ಟರಲ್ಲಿ ಗಂಟು ಕರಗಿರುತ್ತದೆ, ಗುರುತಿಗೆಂದು ಕ್ಲಿಪ್ ಎಂಬ ಲೋಹದ ಚೂರು ಹಾಕುವ ಹೊತ್ತು ಮೀರಿರುತ್ತದೆ.

ಮೂರಕ್ಕೂ ಹದಿನೈದಕ್ಕೂ ಏನು ವ್ಯತ್ಯಾಸ? ಕಂಕುಳಿನ ಕೆಳಗಿನ ಮತ್ತು ನಡುವಿನ ಸ್ತರದ ಗ್ರಂಥಿಗಳನ್ನು ಪೂರ್ತಿ ತೆಗೆದರೆ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊದಿಕೊಳ್ಳುವ ಲಿಂಫೆಡಿಮಾ ಬರುತ್ತದೆ. ಸೆಂಟಿನೆಲ್ ಗ್ರಂಥಿಗಳನ್ನಷ್ಟೇ (ಸ್ತನದಿಂದ ದ್ರವ ಮೊದಲು ಹರಿದು ಸೇರುವ ಕೆಲವೇ ಗ್ರಂಥಿಗಳು) ತೆಗೆದವರಲ್ಲಿ ಅದು ನೂರಕ್ಕೆ ಐದಾರು. ಜೊತೆಗೆ ತೋಳಿನ ಒಳಬದಿ ಮರಗಟ್ಟುವುದು, ಭುಜ ಬಿಗಿಯುವುದು, ಚರ್ಮದಡಿ ಹಗ್ಗದಂತೆ ಸೆಟೆದು ಕೈ ಎತ್ತಲಾಗದಿರುವುದು ಎಲ್ಲವೂ ಪೂರ್ತಿ ತೆಗೆದವರಲ್ಲೇ ಜಾಸ್ತಿ. ಲಿಂಫೆಡಿಮಾ ಒಮ್ಮೆ ಬಂದರೆ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು, ಬೇರುಸಹಿತ ಹೋಗುವುದು ಅಪರೂಪ.

ನಿಮ್ಮ ಸ್ಥಿತಿ ಯಾವುದು ಎನ್ನುವುದು ಮೊದಲು ಸ್ಪಷ್ಟವಾಗಲಿ. ಕೀಮೋಗೆ ಮುಂಚೆಯೇ ಕಂಕುಳು ಶುದ್ಧವಾಗಿದ್ದರೆ ಗೊಂದಲವಿಲ್ಲ: ಕೀಮೋ ಮುಗಿಸಿ, ಸ್ತನದ ಆಪರೇಷನ್ ಜೊತೆಗೇ ಸೆಂಟಿನೆಲ್ ಬಯಾಪ್ಸಿ. ಉರಿಯೂತದ ಸ್ತನ ಕ್ಯಾನ್ಸರ್ ಇದ್ದರೆ, ಅಥವಾ ಗ್ರಂಥಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಕಾಲರ್ ಬೋನ್ ಹತ್ತಿರಕ್ಕೆ ಹರಡಿದ್ದರೆ, ಕೀಮೋ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಪೂರ್ತಿ ತೆಗೆಯುವುದೇ ಸಾಮಾನ್ಯ ಕ್ರಮ. ಅಲ್ಲಿ ಸರ್ಜನ್ ಜೊತೆ ಹಟ ಹಿಡಿಯಬೇಡಿ. ನಿಜವಾದ ಆಯ್ಕೆ ಇರುವುದು ಇವೆರಡರ ನಡುವಿನವರಿಗೆ. ಅಂದರೆ ಕಂಕುಳಿನಲ್ಲಿ ಒಂದೆರಡು ಗ್ರಂಥಿ ಬಯಾಪ್ಸಿಯಲ್ಲಿ ಪಾಸಿಟಿವ್ ಬಂದು, ಕೀಮೋ ನಂತರ ಮುಟ್ಟಿ ನೋಡಿದರೂ ಅಲ್ಟ್ರಾಸೌಂಡ್ ಮಾಡಿದರೂ ಆ ಗಂಟು ಸಿಗದವರಿಗೆ. ಹರ್2 ಪಾಸಿಟಿವ್ (ಕ್ಯಾನ್ಸರ್ ಕಣಗಳಲ್ಲಿ ಹರ್2 ಎಂಬ ಪ್ರೋಟೀನ್ ಹೆಚ್ಚು) ಇರುವವರಲ್ಲಿ ಕಂಕುಳು ಪೂರ್ತಿ ಶುದ್ಧವಾಗುವ ಸಂಭವ ಹೆಚ್ಚು. ಅಮೆರಿಕದ ಝಡ್1071 ಅಧ್ಯಯನದಲ್ಲಿ ಅದು ಸುಮಾರು ಶೇ. 65, ಹಾರ್ಮೋನ್, ಹರ್2 ಯಾವುದೂ ಇಲ್ಲದ ಟ್ರಿಪಲ್ ನೆಗೆಟಿವ್‌ನಲ್ಲಿ ಸುಮಾರು ಶೇ. 49, ಹಾರ್ಮೋನ್ ಪಾಸಿಟಿವ್ ಆಗಿದ್ದು ಹರ್2 ನೆಗೆಟಿವ್ ಇರುವವರಲ್ಲಿ ಶೇ. 21ರಷ್ಟೇ. ಹಾರ್ಮೋನ್ ಪಾಸಿಟಿವ್ ಆಗಿದ್ದರೆ ನಿರೀಕ್ಷೆಯನ್ನು ಸ್ವಲ್ಪ ಹಿಡಿತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ದುಡ್ಡು, ಸಮಯ, ಕೆಲವೊಮ್ಮೆ ಕೈಯನ್ನೇ ಬಲಿ ತೆಗೆದುಕೊಳ್ಳುವ ತಪ್ಪಿನ ಬಗ್ಗೆ.

ಕೀಮೋ ನಂತರದ ಸೆಂಟಿನೆಲ್ ಬಯಾಪ್ಸಿ ಕೆಲವೊಮ್ಮೆ ಮೋಸ ಮಾಡುತ್ತದೆ. ಔಷಧಿಯಿಂದ ಗ್ರಂಥಿ ಗಾಯದಂತೆ ಗಟ್ಟಿಯಾಗಿ, ಬಣ್ಣ ಹರಿಯುವ ದಾರಿಯೇ ಬದಲಾಗಿರುತ್ತದೆ. 2013ರ ಝಡ್1071ರಲ್ಲಿ, ಒಳಗೆ ಕ್ಯಾನ್ಸರ್ ಉಳಿದಿದ್ದರೂ ಸೆಂಟಿನೆಲ್ ಗ್ರಂಥಿಗಳು ‘ಇಲ್ಲ’ ಎಂದು ತೋರಿಸಿದ್ದು ಶೇ. 12.6 ಮಂದಿಯಲ್ಲಿ. ಸರ್ಜನ್‌ಗಳು ಒಪ್ಪಿಕೊಳ್ಳುವ ಮಿತಿ ಶೇ. 10. ತಪ್ಪುವ ಈ ಪ್ರಮಾಣ, ಎರಡು ಬಗೆಯ ಟ್ರೇಸರ್ (ಗ್ರಂಥಿಯನ್ನು ತೋರಿಸಿಕೊಡುವ ದ್ರವ್ಯ) ಬಳಸಿದಾಗ 10.8ಕ್ಕೆ, ಮೂರಕ್ಕಿಂತ ಕಡಿಮೆಯಿಲ್ಲದಂತೆ ಗ್ರಂಥಿ ತೆಗೆದಾಗ 9.1ಕ್ಕೆ ಇಳಿಯಿತು. ಬಯಾಪ್ಸಿ ಆದ ಗ್ರಂಥಿಗೆ ಮೊದಲೇ ಕ್ಲಿಪ್ ಹಾಕಿ, ತೆಗೆದ ಸೆಂಟಿನೆಲ್ ಗ್ರಂಥಿಗಳಲ್ಲಿ ಅದೇ ಕ್ಲಿಪ್ ಸಿಕ್ಕವರಲ್ಲಿ 6.8. ಹ್ಯೂಸ್ಟನ್‌ನ ಎಂಡಿ ಆಂಡರ್ಸನ್ 2016ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ಲಿಪ್ ಇರುವ ಗ್ರಂಥಿಯನ್ನು ಹುಡುಕಿ ಸೆಂಟಿನೆಲ್ ಜೊತೆಗೆ ತೆಗೆದಾಗ ಶೇ. 2ಕ್ಕೆ ಇಳಿಯುವುದನ್ನು ತೋರಿಸಿತು. ಅಲ್ಲಿ ಶೇ. 23 ಮಂದಿಯಲ್ಲಿ ಕ್ಲಿಪ್ ಹಾಕಿದ ಗ್ರಂಥಿ ಸೆಂಟಿನೆಲ್ ಗ್ರಂಥಿಗಳಲ್ಲಿ ಇರಲೇ ಇಲ್ಲ. ಕ್ಲಿಪ್ ಇರದಿದ್ದರೆ ಕ್ಯಾನ್ಸರ್ ಇದ್ದ ಗ್ರಂಥಿಯೇ ಒಳಗೆ ಉಳಿದುಬಿಡಬಹುದು ಎಂದಾಯಿತು. ಹಾಗಾಗಿ ಕ್ಲಿಪ್ ಇಲ್ಲದೆ ಬರುವವರಿಗೆ ಅನೇಕ ಸರ್ಜನ್‌ಗಳು ಪೂರ್ತಿ ತೆಗೆಯೋಣ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ.

ಕ್ಲಿಪ್ ಹಾಕದೇ ಬಿಡುವ ಈ ತಪ್ಪು ಎರಡು ದಾರಿಯಲ್ಲಿ ಆಗುತ್ತದೆ. ಒಂದು ಊರಿನ ದಾರಿ. ರಜೆಗೆ ಹೋದಾಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಗಂಟು ಪತ್ತೆಯಾಗುತ್ತದೆ. ಕಂಕುಳಿಗೆ ಸೂಜಿ ಹಾಕಿ ಎಫ್‌ಎನ್‌ಎಸಿ ಮಾಡುತ್ತಾರೆ, ಪಾಸಿಟಿವ್ ಬಂತೆಂದರೆ ಮುಂದಿನ ವಾರವೇ ಮೊದಲ ಕೀಮೋ. ‘ತಡ ಮಾಡುವುದು ಬೇಡ, ಒಂದು ಸೈಕಲ್ ಮುಗಿಸಿಕೊಂಡು ಹೋಗಿ’ ಎಂದು ಮನೆಯವರೂ ಒತ್ತಾಯಿಸುತ್ತಾರೆ. ಇಲ್ಲಿಗೆ ಬರುವಷ್ಟರಲ್ಲಿ ಗ್ರಂಥಿ ಕುಗ್ಗಿರುತ್ತದೆ, ಕ್ಲಿಪ್ ಮಾತ್ರ ಇರುವುದಿಲ್ಲ. ಇನ್ನೊಂದು ಇಲ್ಲಿನದೇ ದಾರಿ, ಅದನ್ನು ಗುರುತಿಸುವುದು ಇನ್ನೂ ಕಷ್ಟ. ಇಮೇಜಿಂಗ್ ಸೆಂಟರ್‌ನವರು ‘ಕ್ಲಿಪ್ ಹಾಕಿದ್ದೇವೆ’ ಎನ್ನುತ್ತಾರೆ, ರೋಗಿ ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಸ್ತನದ ಗಡ್ಡೆಗೆ ಹಾಕಿದ ಕ್ಲಿಪ್. ಕಂಕುಳಿನದು ಬೇರೆ ಬಯಾಪ್ಸಿ, ಬೇರೆ ಕ್ಲಿಪ್, ಬಿಲ್ಲಿನಲ್ಲೂ ಬೇರೆ ಸಾಲು: ಗ್ರಂಥಿಯ ಸೂಜಿ ಬಯಾಪ್ಸಿಗೆ 38505, ಗುರುತು ಹಾಕಿದ್ದಕ್ಕೆ 10035. ಎರಡನೆಯ ಕೋಡ್ ಕಾಣದಿದ್ದರೆ ಅನುಮಾನಪಡಿ.

ಆದ್ದರಿಂದ ಕೀಮೋ ತಾರೀಕು ಗೊತ್ತಾದ ದಿನವೇ ಆಸ್ಪತ್ರೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ಸರ್ಜನ್‌ಗೆ ಬರೆದು ಕೇಳಿ: ಕಂಕುಳಿನ ಯಾವ ಗ್ರಂಥಿಗೆ ಬಯಾಪ್ಸಿ ಆಗಿದೆ, ಅದಕ್ಕೆ ಕ್ಲಿಪ್ ಹಾಕಿದ್ದಾರೆಯೇ, ಕ್ಲಿಪ್ಪಿನ ಆಕಾರ ಮತ್ತು ಬ್ರ್ಯಾಂಡ್ ಯಾವುದು, ಸ್ತನದ ಕ್ಲಿಪ್ಪಿಗಿಂತ ಬೇರೆ ಆಕಾರವೇ, ಅಲ್ಟ್ರಾಸೌಂಡ್‌ನಲ್ಲಿ ಒಟ್ಟು ಎಷ್ಟು ಗ್ರಂಥಿ ಅನುಮಾನಾಸ್ಪದವಾಗಿ ಕಂಡಿವೆ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅನುಮಾನದ ಗ್ರಂಥಿ ನಾಲ್ಕೋ ಅದಕ್ಕಿಂತ ಹೆಚ್ಚೋ ಇದ್ದರೆ ಕಡಿಮೆ ತೆಗೆಯುವ ದಾರಿಯನ್ನು ಹಲವು ಕೇಂದ್ರಗಳು ಒಪ್ಪುವುದಿಲ್ಲ. ಉತ್ತರ ಬರಹದಲ್ಲಿರಲಿ. ಒಂದು ಸೈಕಲ್ ಆಗಿಹೋಗಿದ್ದರೂ ಕೈಚೆಲ್ಲಬೇಡಿ. ಅದೇ ವಾರ ಕಂಕುಳಿನ ಅಲ್ಟ್ರಾಸೌಂಡ್ ಮಾಡಿಸಿ, ಗ್ರಂಥಿ ಇನ್ನೂ ಕಾಣುತ್ತಿದ್ದರೆ ಆಗಲೂ ಕ್ಲಿಪ್ ಹಾಕಬಹುದು. ಊರಿನಿಂದ ಬರುವವರು ರಿಪೋರ್ಟ್ ಮಾತ್ರವಲ್ಲ, ಸ್ಲೈಡು, ಪ್ಯಾರಫಿನ್ ಬ್ಲಾಕು, ಅಲ್ಟ್ರಾಸೌಂಡ್ ಚಿತ್ರಗಳನ್ನೂ ಕೈಚೀಲದಲ್ಲೇ ತನ್ನಿ. ಇಲ್ಲಿನ ಪೆಥಾಲಜಿಯವರು ಹೊರಗಿನ ಸ್ಲೈಡನ್ನು ಮತ್ತೆ ಓದದೆ ಮುಂದುವರಿಯುವುದಿಲ್ಲ.

ಕ್ಲಿಪ್ ಹಾಕಿದರೆ ಸಾಲದು, ಅದು ಮತ್ತೆ ಸಿಗಬೇಕು. ಎರಡು ಮೂರು ಮಿಲಿಮೀಟರಿನ ಲೋಹದ ಚೂರು ಅದು. ಗ್ರಂಥಿ ಸಹಜ ಗಾತ್ರಕ್ಕೆ ಮರಳಿದ ಮೇಲೆ ಕೊಬ್ಬಿನ ನಡುವೆ ಅಲ್ಟ್ರಾಸೌಂಡ್‌ನಲ್ಲಿ ಕಾಣದೇ ಹೋಗಬಹುದು. ಅಲ್ಟ್ರಾಸೌಂಡ್‌ಗೆ ಚೆನ್ನಾಗಿ ಕಾಣಲೆಂದು ಹೈಡ್ರೊಜೆಲ್ ಹೊದಿಸಿದ ಕ್ಲಿಪ್ಪುಗಳಿವೆ, ಅಂಥದ್ದು ಸಿಗುತ್ತದೆಯೇ ಎಂದು ಕೇಳಿ. ಆಪರೇಷನ್‌ಗೆ ಮುಂಚೆ ಆ ಗ್ರಂಥಿಯನ್ನು ತಂತಿಯಿಂದಲೋ, ರೇಡಿಯೋ ಆಕ್ಟಿವ್ ಅಯೋಡಿನ್ ಸೀಡ್‌ನಿಂದಲೋ, ಸೇವಿ ಸ್ಕೌಟ್ ಅಥವಾ ಮ್ಯಾಗ್‌ಸೀಡ್‌ನಂಥ ಸಾಧನದಿಂದಲೋ ಮತ್ತೆ ಗುರುತಿಸುತ್ತಾರೆ. ಮ್ಯಾಗ್‌ಸೀಡ್ ಎಂಆರ್‌ಐ ಚಿತ್ರವನ್ನು ಕೆಡಿಸುತ್ತದೆ, ಆದ್ದರಿಂದ ಕೀಮೋ ಮುಗಿದ ನಂತರದ ಎಂಆರ್‌ಐ ಆದ ಮೇಲೇ ಅದನ್ನು ಹಾಕಬೇಕು. ಈ ಎರಡು ಅಪಾಯಿಂಟ್‌ಮೆಂಟ್‌ಗಳನ್ನು ಬೇರೆ ಬೇರೆ ವಿಭಾಗದವರು ಕೊಡುತ್ತಾರೆ, ಹಿಂದುಮುಂದು ಆಗುವುದು ಮಾಮೂಲು. ಆಪರೇಷನ್ ಕೋಣೆಯಲ್ಲೇ ತೆಗೆದ ಭಾಗದ ಎಕ್ಸ್‌ರೇ ತೆಗೆದು ಕ್ಲಿಪ್ ಬಂದಿದೆಯೇ ಎಂದು ನೋಡಬೇಕು. ನೋಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಆಪರೇಷನ್ ಸಾಮಾನ್ಯವಾಗಿ ಕೀಮೋ ಮುಗಿದ ನಾಲ್ಕರಿಂದ ಎಂಟು ವಾರದೊಳಗೆ. ಎರಡು ಟ್ರೇಸರ್ ಎಂದರೆ ಒಂದು ಟೆಕ್ನೀಶಿಯಂ, ಇನ್ನೊಂದು ನೀಲಿ ಬಣ್ಣ. ನೀಲಿ ಬಣ್ಣಕ್ಕೆ ಮೆಥಿಲೀನ್ ಬ್ಲೂ ಬಳಸುವುದಾದರೆ, ಎಸಿಟಾಲೊಪ್ರಾಮ್, ಸರ್ಟ್ರಲೀನ್‌ನಂಥ ಖಿನ್ನತೆ ಔಷಧಿ ತೆಗೆದುಕೊಳ್ಳುವವರು ಮೊದಲೇ ಹೇಳಲೇಬೇಕು. ಆ ಬಣ್ಣವೂ ಈ ಔಷಧಿಯೂ ಸೇರಿದರೆ ಸಿರಟೋನಿನ್ ಎಂಬ ಮೆದುಳಿನ ರಾಸಾಯನಿಕ ಅಪಾಯಕರ ಮಟ್ಟಕ್ಕೆ ಏರಬಹುದು. ನಮ್ಮವರು ಮಾನಸಿಕ ಆರೋಗ್ಯದ ಮಾತ್ರೆಯನ್ನು ಪಟ್ಟಿಯಿಂದ ಮುಚ್ಚಿಡುವುದು ಹೆಚ್ಚು. ಇಲ್ಲಿ ಮುಚ್ಚಿಡಬೇಡಿ.

ಕನ್ಸೆಂಟ್ ಫಾರ್ಮ್‌ನಲ್ಲಿ ಸೆಂಟಿನೆಲ್ ಬಯಾಪ್ಸಿ, ‘ಅಗತ್ಯಬಿದ್ದರೆ ಕಂಕುಳಿನ ಪೂರ್ತಿ ಡಿಸೆಕ್ಷನ್’ ಎಂದು ಇರುತ್ತದೆ. ಓದದೆ ಸಹಿ ಹಾಕಿದರೆ ಎಚ್ಚರವಾದಾಗ ಕಂಕುಳಿನಲ್ಲಿ ಡ್ರೇನ್ ಇರುತ್ತದೆ. ಮೇಜಿನ ಮೇಲೇ ಫ್ರೋಜನ್ ಸೆಕ್ಷನ್ (ಗ್ರಂಥಿಯನ್ನು ಹೆಪ್ಪುಗಟ್ಟಿಸಿ ಕೂಡಲೇ ಮಾಡುವ ಪರೀಕ್ಷೆ) ಮಾಡಿ ಪಾಸಿಟಿವ್ ಬಂದರೆ ಆಗಲೇ ಪೂರ್ತಿ ತೆಗೆಯುವುದೋ, ಅಥವಾ ನಿಲ್ಲಿಸಿ ಪೂರ್ಣ ವರದಿ ಬಂದ ಮೇಲೆ ಮಾತಾಡಿ ಇನ್ನೊಮ್ಮೆ ಮಾಡುವುದೋ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಮೊದಲನೆಯದರಲ್ಲಿ ಒಂದೇ ಅರಿವಳಿಕೆ. ಎರಡನೆಯದರಲ್ಲಿ ಯೋಚಿಸಲು ವೇಳೆ ಸಿಗುತ್ತದೆ. ಕೀಮೋ ನಂತರ ಉಳಿಯುವ ಚಿಕ್ಕಚಿಕ್ಕ ಕಣಗಳನ್ನು ಫ್ರೋಜನ್ ಸೆಕ್ಷನ್ ಕಾಣದೇ ಬಿಡಬಹುದು, ಹಾಗಾಗಿ ‘ನೆಗೆಟಿವ್’ ಎಂದು ಕೇಳಿದ ದಿನವೇ ಊರಿಗೆ ಫೋನ್ ಮಾಡಿ ಹೇಳಿಬಿಡಬೇಡಿ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ತಪ್ಪು ತಿಳಿವಳಿಕೆಯೂ ಇದೆ: ‘ಒಂದೆರಡು ಗ್ರಂಥಿ ಪಾಸಿಟಿವ್ ಆದರೂ ಪೂರ್ತಿ ತೆಗೆಯಬೇಕಾಗಿಲ್ಲವಂತೆ’. ಅದು 2011ರ ಝಡ್0011 ಅಧ್ಯಯನದ ಮಾತು. ಮೊದಲೇ ಕೀಮೋ ಪಡೆದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಕೀಮೋ ತಡೆದುಕೊಂಡು ಬದುಕುಳಿದ ಕ್ಯಾನ್ಸರ್ ಬೇರೆ ಸ್ವಭಾವದ್ದು. ಅಂಥ ಗ್ರಂಥಿಯಲ್ಲಿ ಎರಡು ಮಿಲಿಮೀಟರಿಗಿಂತ ದೊಡ್ಡ ಉಳಿಕೆ ಇದ್ದರೆ ಪೂರ್ತಿ ತೆಗೆಯುವುದೇ ರೂಢಿಯ ಸಲಹೆ. ತೆಗೆಯುವ ಬದಲು ರೇಡಿಯೇಷನ್ ಸಾಕೇ ಎಂದು ಪರೀಕ್ಷಿಸಲೆಂದೇ ಇಲ್ಲಿ ಅಲಯನ್ಸ್ ಎ011202 ಎಂಬ ಅಧ್ಯಯನ ರೂಪಿಸಿದ್ದಾರೆ. ಬಿಡಿ ಕಣಗಳಷ್ಟೇ ಉಳಿದಿದ್ದರೆ ಸರ್ಜನ್‌ಗಳ ಅಭಿಪ್ರಾಯ ಒಂದೇ ಅಲ್ಲ, ಅಲ್ಲಿ ಟ್ಯೂಮರ್ ಬೋರ್ಡ್ (ಬೇರೆ ಬೇರೆ ವಿಭಾಗದ ವೈದ್ಯರು ಕೂಡಿ ಚರ್ಚಿಸುವ ಸಭೆ) ಏನು ಹೇಳಿತು ಎಂದು ಕೇಳಿ ತಿಳಿಯಿರಿ.

ಕಂಕುಳು ಪೂರ್ತಿ ಶುದ್ಧ ಎಂದು ವರದಿ ಬಂದವರಿಗೆ ಒಂದು ಒಳ್ಳೆಯ ಸುದ್ದಿಯಿದೆ. ಎನ್‌ಎಸ್‌ಎಬಿಪಿ ಬಿ-51 ಎಂಬ ಅಧ್ಯಯನದಲ್ಲಿ 1,641 ಮಂದಿಯನ್ನು ಸೇರಿಸಿಕೊಂಡಿದ್ದರು. ಗ್ರಂಥಿ ಪ್ರದೇಶಕ್ಕೆ ರೇಡಿಯೇಷನ್ ಕೊಟ್ಟರೂ ಬಿಟ್ಟರೂ ಐದು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸದೆ ಇದ್ದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಕ್ರಮವಾಗಿ ಶೇ. 92.7 ಮತ್ತು 91.8. ಸ್ತನ ಉಳಿಸಿಕೊಂಡವರಿಗೆ ಸ್ತನದ ರೇಡಿಯೇಷನ್ ಮಾತ್ರ ಬೇಕೇ ಬೇಕು. ಉಳಿಕೆ ಇದ್ದವರಿಗೆ ಮುಂದಿನ ಔಷಧಿಯೂ ಬದಲಾಗುತ್ತದೆ: ಹರ್2 ಪಾಸಿಟಿವ್ ಆಗಿದ್ದರೆ 14 ಸೈಕಲ್ ಟಿ-ಡಿಎಂ1, ಟ್ರಿಪಲ್ ನೆಗೆಟಿವ್‌ಗೆ ಕ್ಯಾಪೆಸಿಟಾಬೀನ್ ಹೀಗೆ. ಕಂಕುಳಿನ ವರದಿ ಸರಿಯಾಗಿರಬೇಕು ಎನ್ನುವುದಕ್ಕೆ ಇದೂ ಕಾರಣ. ಈ ವರದಿ ವೈದ್ಯರ ಫೋನಿಗಿಂತ ಮೊದಲು ಪೋರ್ಟಲ್‌ಗೆ ಬಂದು ಬೀಳುತ್ತದೆ, ಕಾನೂನೇ ಹಾಗಿದೆ. ಶುಕ್ರವಾರ ಸಂಜೆ ಒಬ್ಬರೇ ಕುಳಿತು ತೆರೆಯಬೇಡಿ.

ವ್ಯವಸ್ಥೆಗಳ ಹೋಲಿಕೆಗೆ ಬಂದರೆ, ವೇಗದಲ್ಲಿ ನಮ್ಮೂರೇ ಮೇಲು. ಅಲ್ಲಿ ಮೂರು ದಿನದಲ್ಲಿ ಮುಗಿಯುವ ಪರೀಕ್ಷೆಗಳಿಗೆ ಇಲ್ಲಿ ಮೂರು ವಾರ ಹಿಡಿಯುತ್ತದೆ. ದುಬಾರಿ ಟ್ರೇಸರ್ ಇಲ್ಲದೆಯೇ ಕಂಕುಳಿನ ಕೆಳಭಾಗದ ಗ್ರಂಥಿಗಳನ್ನು ಕ್ರಮವಾಗಿ ತೆಗೆದು ನೋಡುವ ವಿಧಾನವನ್ನು ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು ಗಂಭೀರವಾಗಿ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ, ಅದು ಹೆಮ್ಮೆಯ ಕೆಲಸ. ಆದರೆ ಈ ಒಂದು ವಿಷಯದಲ್ಲಿ ಇಲ್ಲಿನ ನಿಧಾನವೇ ಒಳ್ಳೆಯದು. ಗ್ರಂಥಿಗೆ ಗುರುತು ಹಾಕದೆ ಕೀಮೋ ಶುರುಮಾಡಿ ಗಳಿಸುವ ಒಂದು ವಾರಕ್ಕಿಂತ, ಗುರುತು ಹಾಕಿಸಿಕೊಂಡು ಕಳೆಯುವ ಒಂದು ವಾರ ಲಾಭದ್ದು.

ದುಡ್ಡಿನ ವಿಷಯದಲ್ಲಿ ಮೂರು ಎಚ್ಚರಿಕೆ. ಸೆಪ್ಟೆಂಬರ್‌ನಲ್ಲಿ ಕೀಮೋ ಶುರುವಾದರೆ ಆಪರೇಷನ್ ಫೆಬ್ರವರಿ, ಮಾರ್ಚ್‌ಗೆ ಬರುತ್ತದೆ. ಹೆಚ್ಚಿನ ಪಾಲಿಸಿಗಳಲ್ಲಿ ಜನವರಿ 1ಕ್ಕೆ ಡಿಡಕ್ಟಿಬಲ್ ಮತ್ತೆ ಸೊನ್ನೆಯಿಂದ ಶುರು, ಎರಡು ವರ್ಷದ ಔಟ್ ಆಫ್ ಪಾಕೆಟ್ ಮಿತಿಗೂ ಸಿದ್ಧರಿರಿ. ಸರ್ಜನ್ ಕಚೇರಿಯವರು ಇನ್ಶೂರೆನ್ಸ್ ಅನುಮತಿ ಕೇಳುವಾಗ ಸೆಂಟಿನೆಲ್‌ನ ಬಿಲ್ಲಿನ ಕೋಡ್ 38525, 38900 ಜೊತೆಗೆ ಪೂರ್ತಿ ಡಿಸೆಕ್ಷನ್‌ನ 38745 ಕೂಡ ಸೇರಿಸಿದ್ದಾರೆಯೇ ನೋಡಿ. 2022ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾನೂನು, ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಹೊರಗಿನ ಅರಿವಳಿಕೆ ವೈದ್ಯರು ಬಂದಾಗ ನಿಮ್ಮನ್ನು ಕಾಪಾಡುತ್ತದೆ. ನೀವಾಗಿಯೇ ನೆಟ್‌ವರ್ಕ್ ಹೊರಗಿನ ಇಮೇಜಿಂಗ್ ಸೆಂಟರ್‌ಗೆ ಹೋದರೆ ಕಾಪಾಡುವುದಿಲ್ಲ.

ಇಂಗ್ಲಿಷ್ ಸರಾಗವಿಲ್ಲದ ಅಮ್ಮ, ಅತ್ತೆಯರಿಗೆ ಫೋನ್ ಮೂಲಕ ಕನ್ನಡ ದುಭಾಷಿಯನ್ನು ಉಚಿತವಾಗಿ ಕೇಳಬಹುದು. ಕನ್ಸೆಂಟ್ ಮಾತುಕತೆಗೆ ಮಗನನ್ನೋ ಸೊಸೆಯನ್ನೋ ನಡುವೆ ಕೂರಿಸಬೇಡಿ, ಅವರು ಕಠಿಣ ಮಾತುಗಳನ್ನು ನುಂಗಿಬಿಡುತ್ತಾರೆ.

ಆಪರೇಷನ್‌ಗೆ ಮುಂಚೆ ಎರಡೂ ಕೈಗಳ ಅಳತೆ ಅಥವಾ ಬಯೋಇಂಪಿಡೆನ್ಸ್ ಪರೀಕ್ಷೆ (ಸಣ್ಣ ವಿದ್ಯುತ್ ಹಾಯಿಸಿ ಕೈಯಲ್ಲಿನ ದ್ರವ ಅಳೆಯುವುದು) ಮಾಡಿಸಿ ದಾಖಲೆಯಲ್ಲಿ ಹಾಕಿಸಿ. ಮೊದಲಿನ ಅಳತೆ ಇಲ್ಲದಿದ್ದರೆ ಊತ ಶುರುವಾಗಿದ್ದೇ ತಿಳಿಯುವುದಿಲ್ಲ. ಡ್ರೇನ್ ಇದ್ದರೆ ದಿನಕ್ಕೆ 30 ಮಿಲಿಲೀಟರಿಗಿಂತ ಕಡಿಮೆ ಬರುವವರೆಗೆ ಬರೆದಿಡಿ, ಸಾಮಾನ್ಯವಾಗಿ ಆಮೇಲೆಯೇ ತೆಗೆಯುವುದು. ಬಳೆ ಚರ್ಮದ ಮೇಲೆ ಗುರುತು ಬಿಡಲು ಶುರುವಾದರೆ, ಉಂಗುರ ಬಿಗಿಯೆನಿಸಿದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಲಿಂಫೆಡಿಮಾ ಥೆರಪಿಸ್ಟ್‌ಗೆ ರೆಫರಲ್ ಕೇಳಿ. ಮೆಡಿಕೇರ್ ಇರುವ ಹಿರಿಯರಿಗೆ 2024ರ ಜನವರಿಯಿಂದ ಕಂಪ್ರೆಷನ್ ತೋಳುಚೀಲದ ಖರ್ಚಿಗೆ ವ್ಯಾಪ್ತಿ ಇದೆ. ಮಾಸ್ಟೆಕ್ಟಮಿಗೆ ಖರ್ಚು ಕೊಡುವ ಉದ್ಯೋಗದ ಪಾಲಿಸಿಗಳು ಲಿಂಫೆಡಿಮಾ ಚಿಕಿತ್ಸೆಗೂ ಕೊಡಬೇಕೆಂದು 1998ರ ಫೆಡರಲ್ ಕಾನೂನಿದೆ. ಕ್ಲೇಮ್ ತಿರಸ್ಕರಿಸಿದರೆ ಅದರ ಹೆಸರು ಹಿಡಿದು ಅಪೀಲು ಹಾಕಿ: ವಿಮೆನ್ಸ್ ಹೆಲ್ತ್ ಆ್ಯಂಡ್ ಕ್ಯಾನ್ಸರ್ ರೈಟ್ಸ್ ಆ್ಯಕ್ಟ್.